ಏಳು ವ್ಯಾಗನ್ನುಗಳ ಆಯ್ಕೆ

ದಾವಣಗೆರೆಯ ಬಟ್ಟೆ ವ್ಯಾಪಾರಿ ಬಕ್ಕೇಶಪ್ಪನವರು ಅಂಗಡಿಯ ಮೇಲಿನ ಕೋಣೆಯಲ್ಲಿ ಐರ್ಲೆಂಡಿನ ಒಂದು ಸಣ್ಣ ರೈಲು ನಿಲ್ದಾಣದ ಮಾದರಿ ಕಟ್ಟುತ್ತಿದ್ದರು. ಮಾದರಿಯಲ್ಲಿ ತೋರಿಸುವ ಕಾಲ ಸಾವಿರದ ಒಂಬೈನೂರ ಹನ್ನೆರಡು. ಐರ್ಲೆಂಡೇ ಯಾಕೆ ಎಂದರೆ, ಎಂದೋ ಇಂಟರ್ನೆಟ್ಟಿನಲ್ಲಿ ಕಂಡ ಒಂದು ಹಳೆಯ ಫೋಟೋ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕಲ್ಲಿನ ಗೂಡ್ಸ್ ಶೆಡ್ಡು, ಒದ್ದೆ ಪ್ಲಾಟ್‌ಫಾರ್ಮು, ಪಕ್ಕದ ಹಳಿಯ ಮೇಲೆ ನಿಂತ ಮರದ ವ್ಯಾಗನ್ನುಗಳು.

ಶೆಡ್ಡು, ಹಳಿ, ಸಿಗ್ನಲ್ಲು ಎಲ್ಲ ಮುಗಿದಿದ್ದವು. ವ್ಯಾಗನ್ನುಗಳನ್ನು ಮಾತ್ರ ಹೊರದೇಶದಿಂದ ಕಿಟ್ ರೂಪದಲ್ಲಿ ತರಿಸಿ, ಬಿಡಿಭಾಗ ಜೋಡಿಸಿ, ಬಣ್ಣ ಹಚ್ಚಬೇಕಿತ್ತು. ಪಕ್ಕದ ಹಳಿಯಲ್ಲಿ ಹಿಡಿಸುವುದು ಏಳೇ. ಕ್ಯಾಟಲಾಗಿನಲ್ಲಿ ನಲವತ್ತು ಬಗೆ. ತಿಂಗಳುಗಟ್ಟಲೆ ನೋಡಿ, ಅಂದವಾದ ಏಳು ಬಗೆಗಳಿಗೆ ಟಿಕ್ ಹಾಕಿಟ್ಟಿದ್ದರು.

ಒಂದು ದಿನ ನಿಟ್ಟುವಳ್ಳಿಯ ಉಚ್ಚೆಂಗೆಮ್ಮ ರವಿಕೆ ಬಟ್ಟೆಗೆ ಬಂದರು. ಹರಿಹರ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕ್ಲರ್ಕಾಗಿದ್ದು ನಿವೃತ್ತರಾದವರು. ಗಲ್ಲಾದ ಮೇಲಿದ್ದ ಕ್ಯಾಟಲಾಗು ಕಂಡು ಬಟ್ಟೆ ಮರೆತರು.

"ಇವು ಯಾವ ಊರಿನ ವ್ಯಾಗನ್ನು?"

ಬಕ್ಕೇಶಪ್ಪ ಹಿಗ್ಗಿ ಅವರನ್ನು ಮೇಲಕ್ಕೆ ಕರೆದೊಯ್ದರು. ಉಚ್ಚೆಂಗೆಮ್ಮ ಕನ್ನಡಕ ಹಾಕಿಕೊಂಡು ಮಾದರಿಯ ಸುತ್ತ ಎರಡು ಸಲ ನಡೆದರು. ಆಮೇಲೆ ಟಿಕ್ ಹಾಕಿದ್ದನ್ನು ನೋಡಿದರು.

"ಏಳಕ್ಕೆ ಏಳೂ ಬ್ಯಾರೆ ಬ್ಯಾರೆ ಅದಾವಲ್ರಿ. ಈ ಊರಿಂದ ಹೊರಗೆ ಹೋಗೋ ಮಾಲು ಏನು?"

ನಾಲ್ಕು ವರ್ಷದಿಂದ ಕಟ್ಟುತ್ತಿದ್ದ ಊರು ಏನು ಬೆಳೆಯುತ್ತದೆ, ಏನು ಮಾರುತ್ತದೆ ಎಂದು ಬಕ್ಕೇಶಪ್ಪನವರು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಪ್ಲಾಟ್‌ಫಾರ್ಮ್ ಪಕ್ಕ ಈ ಬೇಲಿ ಯಾಕ ಹಾಕೀರಿ?"

"ಫೋಟೋದಾಗ ಐತ್ರಿ. ಹೂದೋಟ ಇರಬೇಕು ಅಂತ ಗಿಡ ನೆಟ್ಟೀನಿ."

ಉಚ್ಚೆಂಗೆಮ್ಮ ಫೋಟೋ ಕೇಳಿ ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಹೂದೋಟಕ್ಕೆ ಇಷ್ಟು ದಪ್ಪ ಗೂಟ ಬೇಕಾ? ಇದು ದೊಡ್ಡಿ. ರೈಲು ಬರೋ ತನಕ ದನ ಕೂಡಾಕೋ ಜಾಗ. ಈ ಊರಿನ ಮಾಲು ದನ."

ಮತ್ತೆ ಫೋಟೋದತ್ತ ಬಾಗಿ, "ವ್ಯಾಗನ್ನಿನ ಕೆಳಗಿನ ಹಲಗೆ ಬೆಳ್ಳಗೆ ಯಾಕ ಅದಾವೆ?" ಎಂದರು.

"ಫೋಟೋ ಹಳೇದಲ್ರಿ, ಮಾಸಿರಬೇಕು."

"ಮಾಸಿದ್ರೆ ಎಲ್ಲಾ ಕಡೆ ಮಾಸಬೇಕಿತ್ತು. ಇದು ಸುಣ್ಣ. ನಮ್ಮೂರು ಬಾತಿಯಾಗ ನಮ್ಮಪ್ಪ ಕಾಲುಬಾಯಿ ರೋಗ ಬಂದಾಗ ಕೊಟ್ಟಿಗೆಗೆಲ್ಲ ಹಿಂಗೇ ಬಳೀತಿದ್ದ."

ಹೂಗಿಡಗಳನ್ನು ಒಂದೊಂದಾಗಿ ಅಂಟಿಸಲು ಬಕ್ಕೇಶಪ್ಪನವರಿಗೆ ಎರಡು ವಾರ ಹಿಡಿದಿತ್ತು. ಈಗ ಅವನ್ನು ಕೀಳಬೇಕು, ಆದರೂ ಅವರಿಗೆ ಬೇಸರವಾಗಲಿಲ್ಲ. ದಿನವೂ ನೋಡುತ್ತಿದ್ದ ಫೋಟೋವನ್ನು ಮೊದಲ ಸಲ ನೋಡಿದಂತಾಯಿತು.

"ಹಂಗಾದ್ರೆ ನೀವೇ ಆರಿಸ್ರಿ ಅಕ್ಕಾರೆ," ಎಂದು ಪೆನ್ಸಿಲ್ ಕೊಟ್ಟರು.

ಉಚ್ಚೆಂಗೆಮ್ಮ ಕುರ್ಚಿ ಎಳೆದುಕೊಂಡು ಕೂತರು. ದನಕ್ಕೆ ನಾಲ್ಕು. ಬೆಣ್ಣೆ, ಮೊಟ್ಟೆ ಹೋಗುತ್ತವೆ, ಹಿಟ್ಟು ಬರುತ್ತದೆ, ನೆನೆಯಬಾರದು, ಅದಕ್ಕೆ ಮುಚ್ಚಿದವು ಎರಡು. ಕಲ್ಲಿದ್ದಲಿಗೆ ತೆರೆದದ್ದು ಒಂದು.

"ನಾಲ್ಕೂ ಒಂದೇ ಥರಾನಾ? ನೋಡೋರಿಗೆ ಬೇಜಾರಾಗಲ್ಲೇನ್ರಿ?"

"ಹರಿಹರಕ್ಕೆ ಸಿಮೆಂಟ್ ಗೂಡ್ಸ್ ರೈಲು ಬಂದ್ರೆ ನಲವತ್ತು ವ್ಯಾಗನ್ನೂ ಒಂದೇ ಥರಾ ಇರ್ತಿದ್ವು. ನಿಮ್ದು ಸ್ಟೇಷನ್ ಆಗಬೇಕೋ, ಶೋಕೇಸ್ ಆಗಬೇಕೋ ನೋಡ್ರಿ."

ಅವರು ಹೋದ ಮೇಲೆ ಬಕ್ಕೇಶಪ್ಪ ಆ ಕಾಲದ ರೈಲ್ವೆಯ ಹಳೆಯ ಕಾಗದಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದರು. ದನ ಸಾಗಿಸಿದ ವ್ಯಾಗನ್ನಿಗೆ ಸುಣ್ಣ ಬಳಿಯಬೇಕೆಂದು ಆಗ ಕಾಯ್ದೆಯೇ ಇತ್ತು. ಐರ್ಲೆಂಡನ್ನು ಕಣ್ಣಿಂದ ಕಾಣದ ಹೆಂಗಸು ಕಿಟಕಿಯ ಬಳಿ ನಿಂತು ಅದನ್ನು ಹೇಳಿಬಿಟ್ಟಿದ್ದರು. ಅಂದೇ ಏಳು ಕಿಟ್ಟಿಗೆ ಆರ್ಡರ್ ಕಳಿಸಿದರು.

ಕಿಟ್ಟುಗಳು ಬಂದಾಗ ಉಚ್ಚೆಂಗೆಮ್ಮನೂ ಬಂದು ಕೂತರು. ಅಂಟಿಸುವುದು ಬಕ್ಕೇಶಪ್ಪನವರ ಕೆಲಸ, ಸುಣ್ಣದ ಗೆರೆ ಎಳೆಯುವುದು ಅವರದು. ದನದ ಗೊರಸು ತಾಗುವ ಕಡೆ ದಪ್ಪ, ಬಾಗಿಲ ಸಂದಿನಲ್ಲಿ ಸೋರಿದ ಹಾಗೆ ತೆಳು.

ಶ್ರಾವಣದ ಒಂದು ಭಾನುವಾರ ಬಕ್ಕೇಶಪ್ಪ ಮಾದರಿಯನ್ನು ನೋಡಲು ಗೆಳೆಯರನ್ನು ಕರೆದರು. ರೈಲು ಶೆಡ್ಡು ದಾಟಿ ದೊಡ್ಡಿಯ ಮುಂದೆ ನಿಂತಿತು. ಒಂದೇ ಥರದ ನಾಲ್ಕು ವ್ಯಾಗನ್ನು ಸಾಲಾಗಿ ನಿಂತದ್ದೇ ಅದು ಆಟಿಕೆಯೆನ್ನಿಸದೆ, ಕೆಲಸಕ್ಕೆ ಬಂದ ರೈಲೆನ್ನಿಸಿತು. ಕೆಳಗಿನ ಹಲಗೆ ಬೆಳ್ಳಗಿರುವುದು ಯಾಕೆ ಎಂದು ಯಾರೋ ಕೇಳಿದರು.

"ಅದನ್ನ ನಮ್ಮ ಗೂಡ್ಸ್ ಕ್ಲರ್ಕಮ್ಮನೇ ಹೇಳಬೇಕು," ಎಂದು ಬಕ್ಕೇಶಪ್ಪ ಪಕ್ಕಕ್ಕೆ ಸರಿದರು.

ಉಚ್ಚೆಂಗೆಮ್ಮ ಸೆರಗು ಸರಿಮಾಡಿಕೊಂಡು, ಆ ಊರಿನಲ್ಲೇ ಕೆಲಸ ಮಾಡಿದವರಂತೆ ಕಾಲು ಗಂಟೆ ಹೇಳಿದರು. ಬಕ್ಕೇಶಪ್ಪ ಗೆಳೆಯರ ಹಿಂದೆ ನಿಂತು, ತಾವೂ ಹೊಸದಾಗಿ ಬಂದವರಂತೆ ಕೇಳಿದರು.