ಅಂಜೂರದ ಪಾಕ ಕುದಿಯುವಾಗ

ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಕೋಸಿಮೊ ತಾಯಿ ಇನ್ಕೊರೊನಾತಾಳ ಕಿವಿಯಲ್ಲಿ ಊದಿಬಿಟ್ಟಿದ್ದ: ಹೆಂಡತಿ ಸಬೀನಾ ಮತ್ತೆ ಬಸುರಿ. ಹೋದ ಸಲ ಊರಿಗೆಲ್ಲ ಹೇಳಿ, ತೊಟ್ಟಿಲಿಗೆ ಬಟ್ಟೆ ಹೊಲಿದು, ಆಮೇಲೆ ಮಗುವನ್ನು ಕಳೆದುಕೊಂಡಿದ್ದರು. ಹಾಗಾಗಿ ಈ ಸಲ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಸಬೀನಾ ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದ ಆ ಮಹರಾಯ ತಾಯಿಯಿಂದ ಇನ್ನೊಂದು ಆಣೆ ಹಾಕಿಸಿಕೊಂಡ. ಗಂಡಸರ ಆಣೆ ಅಂದರೆ ಇಷ್ಟೇ.

ಅಂದಿನಿಂದ ಇನ್ಕೊರೊನಾತಾಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೊಸೆ ಎದುರಾದರೆ ಸಾಕು, ತುಟಿ ಕಚ್ಚಿಕೊಂಡು ಅಂಜೂರದ ಮಾತೆತ್ತುತ್ತಿದ್ದಳು. ಸೆಪ್ಟೆಂಬರ್ ಬೇರೆ, ರೂವೊ ಊರಿನ ಹಿತ್ತಲುಗಳಲ್ಲೆಲ್ಲ ಅಂಜೂರ ಬಿರಿದು ಜೇನು ಸುರಿಸುವ ಕಾಲ. ಹಣ್ಣನ್ನು ಸೀಳಿ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ರಸವನ್ನು ಜೋನಿಬೆಲ್ಲದ ಹದಕ್ಕೆ ಬರುವವರೆಗೂ ಕುದಿಸಬೇಕು. ಕ್ರಿಸ್‌ಮಸ್ಸಿನ ಕರಿದ ತಿಂಡಿಯನ್ನು ಅದ್ದುವುದು ಈ ಪಾಕದಲ್ಲೇ. ಕೊನೆಕೊನೆಗೆ ಕೈಬಿಡದೆ ತಿರುವಬೇಕು. ಮುಟ್ಟಾದವಳು ಮಾತ್ರ ಹತ್ತಿರ ಸುಳಿಯಬಾರದು, ಸುಳಿದರೆ ಪಾಕ ಹುಳಿಯುತ್ತದೆ. ಇದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಿ ವರ್ಷದ ಪಾಕ ಕೆಡಿಸಿಕೊಳ್ಳುವ ಧೈರ್ಯ ಯಾರಿಗಿದೆ?

ಪ್ರತಿವರ್ಷ ಅತ್ತೆ ಸೊಸೆ ಸೇರಿಯೇ ತಿರುವುತ್ತಿದ್ದರು. ಈ ಸಲ ಕರೆಯದಿದ್ದರೆ ಸೊಸೆಗೆ ಅನುಮಾನ ಬಂದೀತೆಂದು ಇನ್ಕೊರೊನಾತಾ ಮೊದಲೇ ಒಲೆಯ ಪಕ್ಕ ಕುರ್ಚಿ ಹಾಕಿ, ಮೇಲಿನ ಮನೆಗೆ ಕೇಳುವಂತೆ ಕೂಗಿದಳು.

"ಸಬೀನಾ, ಇಳಿದು ಬಾರೇ! ನನ್ನ ರಟ್ಟೆ ಬಿದ್ದುಹೋಗ್ತಿದೆ."

ಸಬೀನಾ ಬಂದಳು. ಆದರೆ ಹೊಸ್ತಿಲು ದಾಟಲಿಲ್ಲ.

"ಅತ್ತೆ, ಇವತ್ತು ನಾನು ಬರೋ ಹಾಗಿಲ್ಲ."

"ಯಾಕೆ, ರಾಣಿಯವರಿಗೆ ಏನಾಯ್ತು?"

"ಮುಟ್ಟಾಗಿದ್ದೀನಿ."

ಇನ್ಕೊರೊನಾತಾಳ ಕೈಯಲ್ಲಿದ್ದ ಸೌಟು ಜಾರಿ ಕೊಪ್ಪರಿಗೆಯೊಳಗೆ ಮುಳುಗಿತು. ಹೋಯ್ತು, ಇದೂ ಹೋಯ್ತು. ಸೊಸೆಯ ಮುಖ ಬಿಳುಚಿತ್ತು, ಮೇಲ್ದುಟಿಯ ಮೇಲೆ ಬೆವರು, ಒಂದು ಕೈ ಹೊಟ್ಟೆಯ ಮೇಲೆ. ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದಾಳಲ್ಲ ಈ ಹುಡುಗಿ, ದುಃಖವನ್ನೆಲ್ಲ ಒಬ್ಬಳೇ ನುಂಗಿಕೊಂಡು!

"ಯಾವಾಗಿಂದ?"

"ಬೆಳಗ್ಗೆಯಿಂದ."

"ತುಂಬಾ ಹೋಗ್ತಿದೆಯಾ?"

ಸಬೀನಾ ಕಣ್ಣು ಕಣ್ಣು ಬಿಟ್ಟಳು. "ಅದೆಲ್ಲ ಯಾಕೆ ಅತ್ತೆ? ನಾನು ಮೇಲೆ ಹೋಗಿ ಮಲಗ್ತೀನಿ."

"ಮೆಟ್ಟಿಲು ಹತ್ತಬೇಡ! ಕೂತ್ಕೋ! ಕಾಲು ಮೇಲಿಟ್ಟುಕೋ!"

ಇನ್ಕೊರೊನಾತಾ ಫೋನಿಗೆ ಕೈ ಹಾಕಿದಳು. ಬೆರಳೆಲ್ಲ ಅಂಟು. ಒತ್ತಿದ್ದು ಒಂದು, ಹೋಗಿದ್ದು ಇನ್ನೊಂದು. ಕೊನೆಗೆ ಮಗನ ಫೋನ್ ರಿಂಗಾಯಿತು. ಅವನು ಎತ್ತಲಿಲ್ಲ.

"ಎತ್ತೋ, ನಿನ್ನ ಮನೆ ಹಾಳಾಗ! ಆಸ್ಪತ್ರೆಗೆ ಹೋಗ್ಬೇಕು, ಕಾರು ತಗೊಂಡು ಬಾರೋ! ಅಯ್ಯೋ ಮೇರಿ ತಾಯಿ, ಮಗು ಇನ್ನೂ ಉಳಿದಿದ್ರೂ ಉಳಿದಿರಬಹುದು!"

ಮಾತು ಬಾಯಿಂದ ಜಾರಿಯೇ ಹೋಯಿತು.

ಹೊಸ್ತಿಲ ಮೇಲೆ ಕುಳಿತಿದ್ದ ಸಬೀನಾ ದಡಕ್ಕನೆ ಎದ್ದಳು. "ಮಗು? ನಿಮಗೆ ಯಾರು ಹೇಳಿದ್ದು? ಅವನೇ ತಾನೇ? ಆ ಬಾಯಿಬಡುಕ!"

"ಅವನನ್ನ ಆಮೇಲೆ ಕೊಲ್ಲುವೆಯಂತೆ. ರಕ್ತ ನಿಂತಿದೆಯಾ ಹೇಳೇ!"

"ರಕ್ತ ಇಲ್ಲ ಅತ್ತೆ! ಒಂದು ಹನಿ ಕೂಡ ಇಲ್ಲ." ಸಬೀನಾ ಬಾಗಿಲಿಗೆ ಒರಗಿದಳು. "ಈ ವಾಸನೆ ನನ್ನ ಪ್ರಾಣ ತೆಗೀತಿದೆ. ವಾಂತಿ ಬರುತ್ತೆ ಅಂದ್ರೆ ನಿಮಗೆ ಗೊತ್ತಾಗಿಬಿಡುತ್ತೆ. ಮುಟ್ಟು ಅಂದ್ರೆ ನೀವು ಮರುಮಾತಾಡದೆ ಬಿಟ್ಟುಬಿಡ್ತೀರಿ ಅಂತ..."

ಇನ್ಕೊರೊನಾತಾ ಬೋರಲು ಹಾಕಿದ್ದ ಹಣ್ಣಿನ ಬುಟ್ಟಿಯ ಮೇಲೇ ಕುಸಿದಳು.

"ಸುಳ್ಳು ಹೇಳೋಕೆ ಬೇರೆ ಮಾತೇ ಸಿಗಲಿಲ್ವೇನೇ ನಿನಗೆ? ಕಾಲು ಉಳುಕಿದೆ ಅನ್ನು, ತಲೆ ಸಿಡೀತಿದೆ ಅನ್ನು! ನನ್ನ ಜೀವ ಹೋಗಿ ಬಂತಲ್ಲೇ!" ಬೈಯುತ್ತಲೇ ಅತ್ತಳು.

ಅಷ್ಟರಲ್ಲಿ ಕೊಪ್ಪರಿಗೆಯಿಂದ ದಟ್ಟನೆಯ ಹಬೆ ಎದ್ದು ಬಾಗಿಲಿಗೆ ಬಂತು. ಸಬೀನಾ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಕರುಳೇ ಕಿತ್ತುಬರುವಂತೆ ಓಕರಿಸುವುದು ಅಡುಗೆಮನೆಗೂ ಕೇಳಿಸಿತು. ತಿರುಗಿ ಬಂದಾಗ ಅವಳ ಕಣ್ಣಲ್ಲಿ ನೀರು.

"ಬೆಳಗ್ಗೆಯಿಂದ ಒಂದು ಗುಟುಕು ನೀರೂ ಹೊಟ್ಟೇಲಿ ನಿಲ್ತಿಲ್ಲ ಅತ್ತೆ. ಹೀಗೆ ಕಕ್ಕಿ ಕಕ್ಕಿ ಒಳಗಿಂದ ಅದೇನಾದ್ರೂ ಜಾರಿಬಿಟ್ರೆ ಅಂತ ಭಯ ಆಗ್ತಿದೆ."

ಇನ್ಕೊರೊನಾತಾ ಕಣ್ಣೊರೆಸಿಕೊಂಡು ಎದ್ದಳು. ಒಲೆ ಆರಿಸಿದಳು. ಎರಡು ಬಟ್ಟೆ ಹಿಡಿದು ಕೊಪ್ಪರಿಗೆಯನ್ನು ಎತ್ತಿದಳು.

"ಅತ್ತೆ! ಎಲ್ಲಿಗೆ? ಇನ್ನೇನು ಹದ ಬಂತಲ್ಲ! ಕ್ರಿಸ್‌ಮಸ್‌ಗೆ ಏನು ಮಾಡ್ತೀರಿ?"

"ಸಕ್ಕರೆ ಉದುರಿಸಿ ತಿಂದ್ರಾಯ್ತು. ದಾರಿ ಬಿಡು."

ಅಂಗಳದ ಚರಂಡಿಗೆ ಪಾಕ ಕಪ್ಪಗೆ ಬುಸುಗುಡುತ್ತಾ ಹರಿಯಿತು. ಅವಳು ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿದಳು. ಗೋಡೆಯಾಚೆಯಿಂದ ಪಕ್ಕದ ಮನೆಯ ಪೊಂಪೇಯಾ ಇಣುಕಿದಳು. ಪೊಂಪೇಯಾಳ ಪಾಕ ತಳ ಹಿಡಿಯದ ವರ್ಷವಿಲ್ಲ. ಅದನ್ನು ಆಡಿಕೊಂಡು ಬೀದಿಯನ್ನೆಲ್ಲ ನಗಿಸುತ್ತಿದ್ದವಳು ಇನ್ಕೊರೊನಾತಾಳೇ.

"ಅಯ್ಯಯ್ಯೋ! ವರ್ಷದ ಪಾಕಾನ ಚರಂಡಿಗೆ ಸುರೀತಿದ್ದೀಯಲ್ಲೇ! ನಿನಗೇನು ಬುದ್ಧಿ ಕೆಟ್ಟಿದೆಯಾ?"

ಕಾರಣ ನಾಲಿಗೆಯ ತುದಿಗೆ ಬಂದಿತ್ತು. ಇನ್ಕೊರೊನಾತಾ ತಿರುಗಿ ನೋಡಿದಳು. ಸೊಸೆ ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದು, ಒಂದರ ಮುಂದೆ ಕುಳಿತು, ಎದೆ ತುಂಬಾ ಉಸಿರೆಳೆದುಕೊಳ್ಳುತ್ತಿದ್ದಳು.

"ಸೀದುಹೋಯ್ತು ಕಣೇ."

"ಸೀದುಹೋಯ್ತಾ? ನಿನ್ನ ಕೈಯಲ್ಲಿ?"

"ನನ್ನ ಕೈಯಲ್ಲೇ," ಅಂದಳು ಇನ್ಕೊರೊನಾತಾ. "ಹೋಗು, ಬೀದಿಗೆಲ್ಲ ಹೇಳಿ ನಗು."