ಚಪ್ಪಾಳೆ ತಟ್ಟಿದವಳು

ಕುಡಿತ ಬಿಡಿಸುವ ಕೇಂದ್ರದ ಊಟದ ಹಾಲ್‌ನಲ್ಲಿ ಗಂಡ ತಾನೇ ಬರೆದ ನಾಟಕ ಆಡುತ್ತಿದ್ದ. ಹೆಂಡತಿ ಮೊದಲ ಸಾಲಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದಳು. ಹೊಲಿಗೆಯವಳು ಅವಳು, ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ಗಂಡನನ್ನು ಇವತ್ತು ಮನೆಗೆ ಕರೆದೊಯ್ಯಬೇಕೋ ಬೇಡವೋ ಎಂದು ಅವಳೇ ಹೇಳಬೇಕಿತ್ತು. ಅವನೋ ಬ್ಯಾಗು ತುಂಬಿ ಆಗಲೇ ಬಾಗಿಲ ಪಕ್ಕ ಇಟ್ಟಿದ್ದ. ಎಂಥ ಧೈರ್ಯ ನೋಡಿ!

ಹೆಂಡತಿಯ ಪಾತ್ರಕ್ಕೆ ಶಾಲು ಹೊದ್ದು ನಿಂತವನು ಅಲ್ಲೇ ಚಿಕಿತ್ಸೆಯಲ್ಲಿದ್ದ ಕ್ಷೌರಿಕ. ಅವನು ಆಟದ ನೀರಿನ ಟ್ಯಾಂಕಿನಿಂದ ಗಂಡ ಬಚ್ಚಿಟ್ಟ ಬಾಟಲಿ ಎತ್ತಿದ್ದೇ ತಡ, ಗಂಡ ಕಾಲಿಗೆ ಬಿದ್ದು ಗೊಳೋ ಎಂದು ಅತ್ತ. ಹಾಲ್ ತುಂಬ ಮೂಗು ಸೀಟುವ ಸದ್ದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ನಾಟಕದ ಮೇಷ್ಟ್ರು ಮೊದಲೇ ಹೇಳಿದ್ದರು: ಸುಳ್ಳು ಅನ್ನಿಸಿದರೆ ಮನೆಯವರು ಚಪ್ಪಾಳೆ ತಟ್ಟಿ ಆಟ ನಿಲ್ಲಿಸಬಹುದು, ಆದರೆ ತಟ್ಟಿದವರು ಬಂದು ತಮ್ಮ ಪಾತ್ರ ತಾವೇ ಮಾಡಬೇಕು.

ಅವಳು ತಟ್ಟಿದಳು. ಎದ್ದು ಹೋಗಿ ಕ್ಷೌರಿಕನ ಶಾಲು ಕಿತ್ತುಕೊಂಡಳು.

"ಟ್ಯಾಂಕಲ್ಲಿದ್ದಿದ್ದು ನಂಗೆ ಸಿಕ್ತು. ಸಿಗದೇ ಇದ್ದಿದ್ದು ಎಲ್ಲಿ?"

"ಇನ್ನೆಲ್ಲಿ? ಅಷ್ಟೇ ಕಣೇ."

"ಅದನ್ನ ಚೆಲ್ಲಿದ ಮೇಲೂ ಸಂಜೆ ತೂರಾಡ್ತಿದ್ರಲ್ಲ, ಗಾಳಿ ಕುಡಿದಿದ್ರಾ?"

ಯಾರೋ ಕಿಸಕ್ಕೆಂದರು. ಗಂಡ ಮೇಷ್ಟ್ರ ಕಡೆ ತಿರುಗಿದ.

"ಅವರ ಮುಖ ಯಾಕೆ ನೋಡ್ತೀರಿ? ಅವರು ಬಚ್ಚಿಟ್ಟಿದ್ರಾ?"

"ಬೊಂಬೆ ಒಳಗೆ," ಎಂದ ಅವನು, ನೆಲ ನೋಡುತ್ತ.

ಹೊಲಿದ ಬಟ್ಟೆ ತೊಡಿಸಿ ನೋಡುವ ಟೊಳ್ಳು ಬೊಂಬೆ. ದಿನಾ ಅದನ್ನು ತಬ್ಬಿಕೊಂಡೇ ಅವಳು ಪಿನ್ನು ಚುಚ್ಚುತ್ತಿದ್ದಳು. ಥೂ!

"ಅಲ್ಲಾಡಿದ್ರೆ ಸದ್ದಾಗ್ತಿತ್ತಲ್ಲ?"

"ಬಟ್ಟೆ ಸುತ್ತಿದ್ದೆ. ಆ... ನೀಲಿ ರೇಷ್ಮೆ."

ಗಿರಾಕಿಯ ನೀಲಿ ರೇಷ್ಮೆ ಕಾಣೆಯಾದಾಗ ಅವಳು ಮಗಳನ್ನು ಹಿಡಿದಿದ್ದಳು. ಆಟಕ್ಕೆ ಕತ್ತರಿಸಿದೆಯಾ ಎಂದು ಗಿರಾಕಿಯ ಎದುರೇ ಕೆನ್ನೆಗೆ ಬಾರಿಸಿದ್ದಳು. ಅಂದಿನಿಂದ ಹುಡುಗಿ ಹೊಲಿಗೆ ಯಂತ್ರದ ಹತ್ತಿರವೂ ಸುಳಿದಿಲ್ಲ.

"ನೀವು ಅಲ್ಲೇ ಕೂತಿದ್ರಿ."

"ಹೂಂ."

"ನಾನಲ್ಲ ಅಮ್ಮಾ ಅಂತ ಅವಳು ಬಡ್ಕೊಂಡ್ಲು."

"ಹೂಂ."

"ತುಟಿ ಪಿಟಕ್ಕೆನ್ನಲಿಲ್ಲವಲ್ಲ, ಪಾಪಿ!"

ಅವನ ಕೆನ್ನೆಗೆ ಬಿಗಿಯಲು ಕೈ ಎತ್ತಿದಳು. ಎತ್ತಿದ ಕೈ ಕಣ್ಣಿಗೆ ಬಿತ್ತು. ಅದೇ ಕೈ. ಮೆಲ್ಲನೆ ಇಳಿಸಿದಳು.

ಬಾಗಿಲಿಗೆ ಹೋಗಿ ಅವನ ಬ್ಯಾಗನ್ನು ಕಾಲಲ್ಲಿ ಒಳಕ್ಕೆ ತಳ್ಳಿದಳು.

"ಬರೋ ಭಾನುವಾರ ಮಗಳನ್ನ ಕರ್ಕೊಂಡು ಬರ್ತೀನಿ. ಇದನ್ನೇ ಬರೆದು ಅವಳ ಮುಂದೆ ಆಡಿ. ಮನೆ ಮಾತು ಆಮೇಲೆ."

ಕ್ಷೌರಿಕ ಶಾಲಿಗೆ ಕೈಚಾಚಿದ. "ಆಗ್ಲೂ ನಿಮ್ಮ ಪಾತ್ರ ನಂದೇ ತಾನೇ ಅಕ್ಕಾ?"

"ಬೇಡಪ್ಪಾ. ಹೊಡೆದ ಕೈ ನಂದು. ನಾನೇ ಮಾಡ್ತೀನಿ."

ಶಾಲನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಬೀದಿಗೆ ಇಳಿದಳು.