ನೀರಜಾ ನಿಲ್ಲದ ಚುನಾವಣೆ

"ಸುಮಿಮಾಸೆನ್, ಕ್ಷಮಿಸಿ, ಶವಪೆಟ್ಟಿಗೆಯೊಳಗೆ ಗಾಜು ಇಡುವಂತಿಲ್ಲ," ಎಂದು ಸಂಸ್ಕಾರದ ಸಿಬ್ಬಂದಿ ತಲೆಬಾಗಿದಾಗ, ಅಪೂರ್ವ ತಾಯಿಯ ಮುಖಕ್ಕೆ ಹಾಕಿದ್ದ ಕನ್ನಡಕವನ್ನು ಮತ್ತೆ ತೆಗೆದಳು.

"ಬಟ್, ಅಮ್ಮಂಗೆ ಇದಿಲ್ದೆ ಏನೂ ಕಾಣಲ್ಲ, ಅಪ್ಪಾ."

ರಮಾಕಾಂತ ಅದನ್ನು ಕೋಟಿನ ಜೇಬಿಗಿಟ್ಟುಕೊಂಡರು. ಜಪಾನಿನ ಎಡೋಗಾವಾದ ಆ ಸಣ್ಣ ಹಾಲ್‌ನಲ್ಲಿ ಇಷ್ಟು ಜನ ಸೇರುತ್ತಾರೆಂದು ಅವರು ಎಣಿಸಿರಲಿಲ್ಲ. ಹೆಂಡತಿ ನೀರಜಾ ಆ ದೇಶಕ್ಕೆ ಹೊಸದಾಗಿ ಬಂದವರನ್ನು ಆಸ್ಪತ್ರೆಗೆ, ವಾರ್ಡ್ ಆಫೀಸಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

ಪಕ್ಕದ ಫ್ಲಾಟಿನ ವೇದವಲ್ಲಿ ಹೂವಿಟ್ಟು ಹತ್ತಿರ ಬಂದಳು. "ಸರ್, ವಾರ್ಡ್ ಎಲೆಕ್ಷನ್‌ಗೆ ನಿಂತ್ಕೊಳ್ಳಿ ಅಂತ ಮೇಡಂನ ಎಲ್ರೂ ಎಷ್ಟು ಕೇಳ್ಕೊಂಡಿದ್ವಿ. ಇಲ್ಲಿ ಓಟಿನ ಚೀಟಿ ಮೇಲೆ ಅಭ್ಯರ್ಥಿ ಹೆಸರು ನಾವೇ ಬರೀಬೇಕಲ್ಲ, ಲಾಂಡ್ರಿಯ ಮೊರಿತಾ-ಸಾನ್ ಅವರ ಹೆಸರು ಬರೆಯೋದು ಪ್ರಾಕ್ಟೀಸೂ ಮಾಡಿದ್ರು."

"ಅವಳೇನಂದಳು?"

"ನಂಗೇ ಇಷ್ಟ ಇಲ್ಲ, ಅಂದ್ರು."

* * *

ಅದು ಅವರಿಬ್ಬರಿಗೂ ಜಪಾನಿನ ಪೌರತ್ವ ಸಿಕ್ಕ ವರ್ಷ. ರಮಾಕಾಂತ ಊಟದ ಮೇಜಿನಲ್ಲಿ ಮರುದಿನ ಕಾಲೇಜಿನಲ್ಲಿ ಹೇಳಬೇಕಿದ್ದ ಪಾಠ ಓದಿಕೊಳ್ಳುತ್ತಿದ್ದರು. ಆಗಷ್ಟೇ ಹುಟ್ಟಿದ ಅಮೆರಿಕದಲ್ಲಿ ರಾಜ್ಯಗಳ ಶಾಸನಸಭೆಗೆ ನಡೆಯುತ್ತಿದ್ದ ಚುನಾವಣೆಗಳು ಅವರು ಬದುಕಿಡೀ ಓದಿದ ವಿಷಯ.

"ವರ್ಜೀನಿಯಾದಲ್ಲಿ ಓಟು ಹಾಕೋನು ಎಲ್ರೆದುರು ಹೆಸರು ಹೇಳ್ಬೇಕಿತ್ತು. ಅಭ್ಯರ್ಥಿ ಅಲ್ಲೇ ಕೂತಿರೋನು, ಎದ್ದು ಥ್ಯಾಂಕ್ಸ್ ಹೇಳೋನು."

"ಹೆಂಗಸರು?"

"ಅಲ್ಲಿ ಅವರಿಗೆ ಓಟೇ ಇರಲಿಲ್ಲ."

ನೀರಜಾ ಕೈ ಒರೆಸಿಕೊಂಡು ಎದುರಿಗೆ ಕೂತಳು. "ರೀ, ನಾನು ವಾರ್ಡ್ ಸಭೆಗೆ ನಿಲ್ಲಲಾ?"

ಅವರಿಗೆ ನಗು ಬಂತು. "ನಿನ್ನ ಹೆಸರು ಬರೆಯೋಕೆ ಇಲ್ಲಿ ಯಾರಿಗೆ ಬರುತ್ತೆ? ಸೋತರೆ ಕಾಲೇಜಲ್ಲಿ ನಾನು ತಲೆ ಎತ್ತೋದು ಹೇಗೆ?"

ಅವಳೂ ನಕ್ಕಳು. ಎದ್ದು ಕಾಫಿಗೆ ನೀರಿಟ್ಟಳು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ತಮ್ಮ ಜೋಕು ಚೆನ್ನಾಗಿತ್ತೆಂದು ರಮಾಕಾಂತ ಅದನ್ನು ಸಹೋದ್ಯೋಗಿಗಳಿಗೂ ಹೇಳಿದ್ದರು.

* * *

ಚಿತಾಗಾರದಿಂದ ಹೊರಬಂದಾಗ ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಡಬ್ಬ ಅವರ ತೋಳುಗಳಲ್ಲಿತ್ತು. ಟ್ಯಾಕ್ಸಿ ತರಲು ಅಪೂರ್ವ ಮುಂದೆ ಹೋಗಿದ್ದಳು.

ತಿರುವಿನಲ್ಲಿ ವಾರ್ಡ್ ಚುನಾವಣೆಯ ಪ್ರಚಾರದ ವ್ಯಾನೊಂದು ತನ್ನ ಅಭ್ಯರ್ಥಿಯ ಹೆಸರು ಕೂಗುತ್ತ ಬಂತು. ಡಬ್ಬ ಕಂಡದ್ದೇ ಧ್ವನಿವರ್ಧಕ ನಿಂತಿತು. ಕಿಟಕಿಯಿಂದ ಕೈಬೀಸುತ್ತಿದ್ದ ಅಭ್ಯರ್ಥಿ, ನಡುವಯಸ್ಸಿನ ಹೆಂಗಸು, ಬಿಳಿ ಕೈಗವಸು ಕಳಚಿ, ಅವರತ್ತ ಆಳವಾಗಿ ಬಾಗಿದಳು.

ಡಬ್ಬ ಇನ್ನೂ ಬೆಚ್ಚಗಿತ್ತು. ರಮಾಕಾಂತ ಅದನ್ನು ಎದೆಗೊತ್ತಿಕೊಂಡು ನಿಂತೇ ಇದ್ದರು. ವ್ಯಾನು ಸದ್ದಿಲ್ಲದೆ ಅವರನ್ನು ದಾಟಿತು. ಬೀದಿಯ ಕೊನೆ ಮುಟ್ಟುವವರೆಗೂ ಆ ಹೆಂಗಸು ತಲೆಯೆತ್ತಲಿಲ್ಲ.